ಡೈನಾಮಿಕ್ ಇನ್ವೆಂಟರಿಯಲ್ಲಿ ವಿಎಂ ಹೆಸರು ಕೆಟ್ಟಾಗ: ಎಲ್ಲಿ ನೋಡಬೇಕು, ಏನು ತಿದ್ದಬೇಕು

ಆನ್ಸಿಬಲ್ ಅಂದರೆ ಅನೇಕ ಸರ್ವರ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಸಾಫ್ಟ್‌ವೇರ್, ವಿಸೆಂಟರ್ ಅಂದರೆ ವಿಎಂವೇರ್‌ನ ವಿಎಂಗಳನ್ನು (ವರ್ಚುವಲ್ ಯಂತ್ರಗಳನ್ನು) ನೋಡಿಕೊಳ್ಳುವ ಸಾಫ್ಟ್‌ವೇರ್. ಯಂತ್ರಗಳ ಪಟ್ಟಿಯನ್ನು ತಾನೇ ತಂದುಕೊಳ್ಳುವ ಆನ್ಸಿಬಲ್‌ನ ಡೈನಾಮಿಕ್ ಇನ್ವೆಂಟರಿಯನ್ನು ಮೊದಲ ಸಲ ವಿಸೆಂಟರ್‌ಗೆ ಜೋಡಿಸಿದವರಿಗೆಲ್ಲ ಇದು ಗೊತ್ತಿರುತ್ತದೆ. ವಿಸೆಂಟರ್‌ನಲ್ಲಿ ‘ಬಿಲ್ಲಿಂಗ್-ಕಾಪು’ ಅಂತ ನೀಟಾಗಿ ಹೆಸರಿಟ್ಟ ವಿಎಂ, ಇನ್ವೆಂಟರಿಗೆ ಬರುವಾಗ ‘ಬಿಲ್ಲಿಂಗ್-ಕಾಪು_4213…’ ಅಂತ ಬಾಲ ಹಚ್ಚಿಕೊಂಡು ಬರುತ್ತದೆ. ಬಾಲ ಎಂದರೆ ಹೈಫನ್ ಸೇರಿ 36 ಅಕ್ಷರ. ಮಂಗಳೂರು ಆಫೀಸಿನಿಂದ ಪ್ಲೇಬುಕ್ (ಆನ್ಸಿಬಲ್ ಮಾಡಬೇಕಾದ ಕೆಲಸಗಳ ಫೈಲ್) ಓಡಿದ ಲಾಗ್ ಕಳಿಸಿದರೆ ಉಡುಪಿ ಕಡೆಯ ಗೆಳೆಯರದ್ದು ಒಂದೇ ಪ್ರಶ್ನೆ: “ಎಂತ ಮಾರಾಯ್ರೆ, ಇದು ಸರ್ವರ್ ಹೆಸರಾ, ಗಾಡಿಯ ಚಾಸಿ ನಂಬರಾ?”

ಆ ಬಾಲ ದೋಷ ಅಲ್ಲ. ಅದು ಡಿಫಾಲ್ಟ್. ವಿಎಂ ಹೆಸರಿಗೆ ಅಂಡರ್‌ಸ್ಕೋರ್ ಹಾಕಿ ಯುಯುಐಡಿ (ಆ ವಿಎಂನ ಗುರುತಿನ ಸಂಖ್ಯೆ) ಸೇರಿಸಿದರೆ ಎರಡು ವಿಎಂ ಒಂದೇ ಹೆಸರಲ್ಲಿ ಬರುವುದಿಲ್ಲ, ಅಷ್ಟೇ. ನಿಜವಾದ ತೊಂದರೆಗಳು ಶುರುವಾಗುವುದು ಆ ಬಾಲ ಕತ್ತರಿಸಲು ಹೋದ ಮೇಲೆ. ಒಂದು ವಿಎಂ ಕಾಣೆಯಾಗುತ್ತದೆ, ಇನ್ನೊಂದರ ಹೆಸರು ಬೆಳಿಗ್ಗೆ ಒಂದು ಸಂಜೆ ಒಂದು ಆಗುತ್ತದೆ, ಮತ್ತೊಂದು ಹೆಸರೇನೋ ಸರಿ ಇದ್ದು ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗುವ ಕನೆಕ್ಷನ್) ಮಾತ್ರ ಹತ್ತುವುದಿಲ್ಲ. ಇವು ಒಂದೊಂದಕ್ಕೂ ಕಾರಣ ಬೇರೆ. ಅದಕ್ಕೇ ಲಕ್ಷಣ ಹಿಡಿದು ಹೋಗೋಣ.

ಇಲ್ಲಿ ಹೇಳುತ್ತಿರುವುದು ಕಮ್ಯುನಿಟಿ ವಿಎಂವೇರ್ ಕಲೆಕ್ಷನ್‌ನಲ್ಲಿರುವ ವಿಎಂವೇರ್_ವಿಎಂ_ಇನ್ವೆಂಟರಿ ಪ್ಲಗಿನ್ ಬಗ್ಗೆ. ಕಮಾಂಡ್, ಕೀಲಿಪದ ಎಲ್ಲವನ್ನೂ ಉಚ್ಚಾರದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಫೈಲಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಇರುವಲ್ಲಿ ಬೇರೆಯಾಗಿ ಹೇಳುತ್ತೇನೆ.

ಪ್ಲೇಬುಕ್ ಬದಿಗಿಡಿ

ಹೆಸರಿನ ಸಮಸ್ಯೆ ಹುಡುಕುವಾಗ ಪ್ಲೇಬುಕ್ ಓಡಿಸಿ ನೋಡಬೇಡಿ. ಸುಮ್ನೆ ಸಮಯ ಹಾಳು. ಆನ್ಸಿಬಲ್-ಇನ್ವೆಂಟರಿ ಎಂಬ ಕಮಾಂಡೇ ಇದೆ. ಅದಕ್ಕೆ ಮೈನಸ್ ಐ ಕೊಟ್ಟು ಇನ್ವೆಂಟರಿ ಫೈಲ್ ತೋರಿಸಿ, ಕೊನೆಗೆ --ಗ್ರಾಫ್ ಹಾಕಿ. ಗುಂಪುಗಳೂ ಅವುಗಳ ಕೆಳಗೆ ಹೋಸ್ಟ್ (ಇನ್ವೆಂಟರಿಯ ಒಂದೊಂದು ಯಂತ್ರ) ಹೆಸರುಗಳೂ ಮರದ ಹಾಗೆ ಬಿಡಿಸಿಕೊಂಡು ಬರುತ್ತವೆ. ಆಮೇಲೆ ಒಂದು ಹೋಸ್ಟ್ ಆರಿಸಿ --ಹೋಸ್ಟ್ ಜೊತೆ ಅದರ ಹೆಸರು ಕೊಡಿ. ಆ ವಿಎಂ ಬಗ್ಗೆ ವಿಸೆಂಟರ್ ಕೊಟ್ಟ ಮಾಹಿತಿ ಅಷ್ಟೂ ಜೇಸನ್ ರೂಪದಲ್ಲಿ ಬರುತ್ತದೆ. ಈ ಎರಡನೇ ಔಟ್‌ಪುಟ್ ಬಹಳ ಮುಖ್ಯ. ಹೆಸರು ಕಟ್ಟಲು ಯಾವ ಸಾಮಾನು ಕೈಯಲ್ಲಿದೆ ಅಂತ ಅಲ್ಲೇ ಗೊತ್ತಾಗುವುದು.

ಗ್ರಾಫ್‌ನಲ್ಲಿ ಏನೂ ಬರದಿದ್ದರೆ ಅದು ಹೆಸರಿನ ಸಮಸ್ಯೆಯೇ ಅಲ್ಲ. ಬೇಗ ನೋಡಿ ಮುಗಿಸುವ ವಿಷಯಗಳು ಮೂರಿವೆ. ಫೈಲ್ ಹೆಸರು ‘ವಿಎಂವೇರ್.ವೈಎಂಎಲ್’ ಅಥವಾ ‘ವಿಎಂವೇರ್_ವಿಎಂ_ಇನ್ವೆಂಟರಿ.ವೈಎಂಎಲ್’ ಅಂತಲೇ ಕೊನೆಯಾಗಬೇಕು. ವೈಎಂಎಲ್ ಬದಲು ವೈಎಎಂಎಲ್ ಇದ್ದರೂ ನಡೆಯುತ್ತದೆ. ‘ಮಂಗಳೂರು.ವೈಎಂಎಲ್’ ಅಂತ ಇಟ್ಟರೆ ಪ್ಲಗಿನ್ ಅದನ್ನು ಮುಟ್ಟುವುದೇ ಇಲ್ಲ. ಮೈನಸ್ ನಾಲ್ಕು ವಿ ಹಾಕಿ ಓಡಿಸಿದರೆ ಯಾವ ಪ್ಲಗಿನ್ ಫೈಲನ್ನು ಒಲ್ಲೆ ಅಂದಿತು ಎನ್ನುವುದು ಹೆಸರು ಸಮೇತ ಕಾಣುತ್ತದೆ. ಎರಡನೆಯದು ವಿಸೆಂಟರ್ ಜೊತೆ ಮಾತಾಡುವ ಪೈವಿಎಂಓಮಿ ಲೈಬ್ರರಿ. ಅದು ಆನ್ಸಿಬಲ್ ಓಡುವ ಪೈಥಾನ್‌ನಲ್ಲೇ ಇರಬೇಕು, ಸಿಸ್ಟಮ್‌ನ ಬೇರೆ ಪೈಥಾನ್‌ನಲ್ಲಿ ಇದ್ದರೆ ಪ್ರಯೋಜನ ಇಲ್ಲ. ಯಾವ ಪೈಥಾನ್ ಅಂತ ಆನ್ಸಿಬಲ್ --ವರ್ಷನ್ ಹೇಳುತ್ತದೆ. ಮೂರನೆಯದು ವಿಸೆಂಟರ್ ಯೂಸರ್‌ನ ಅನುಮತಿ. ರೀಡ್-ಓನ್ಲಿ ಸಾಕು, ಆದರೆ ಅದು ಕೆಳಗಿನ ಫೋಲ್ಡರ್‌ಗಳಿಗೂ ಇಳಿಯುವಂತೆ ‘ಪ್ರೊಪಗೇಟ್ ಟು ಚಿಲ್ಡ್ರನ್’ ಟಿಕ್ ಆಗಿರಬೇಕು. ಇಲ್ಲದಿದ್ದರೆ ಲಾಗಿನ್ ಆಗುತ್ತದೆ, ಎರರ್ ಬರುವುದಿಲ್ಲ, ವಿಎಂ ಮಾತ್ರ ಒಂದೂ ಕಾಣುವುದಿಲ್ಲ.

ಬಾಲ ತೆಗೆಯುವ ಸಾಲು

ಕನಿಷ್ಠ ಬೇಕಾದದ್ದು ಇಷ್ಟೇ:

ಹೋಸ್ಟ್‌ನೇಮ್ಸ್:
  - ಕಾನ್ಫಿಗ್.ನೇಮ್
ಕಂಪೋಸ್:
  ಆನ್ಸಿಬಲ್_ಹೋಸ್ಟ್: ಗೆಸ್ಟ್.ಐಪಿಅಡ್ರೆಸ್

ಕೊನೆಯ ಸಾಲಲ್ಲಿ ಐಪಿ ಸಣ್ಣಕ್ಷರ, ಅಡ್ರೆಸ್‌ನ ‘ಎ’ ದೊಡ್ಡಕ್ಷರ. ಇದು ತಪ್ಪಿದರೆ ಎರರ್ ಕೂಡ ಬರುವುದಿಲ್ಲ, ಆ ವೇರಿಯೇಬಲ್ ಸುಮ್ಮನೆ ಹುಟ್ಟುವುದಿಲ್ಲ. ಯಾಕೆಂದರೆ ‘ಸ್ಟ್ರಿಕ್ಟ್’ ಎಂಬ ಆಯ್ಕೆ ಡಿಫಾಲ್ಟಾಗಿ ಆಫ್ ಇರುತ್ತದೆ. ದೋಷ ಹುಡುಕುವಾಗ ಅದನ್ನು ಟ್ರೂ ಮಾಡಿಡಿ. ಮುಚ್ಚಿಕೊಂಡಿದ್ದ ಎರರ್‌ಗಳೆಲ್ಲ ಹೊರಗೆ ಬರುತ್ತವೆ.

ಹೋಸ್ಟ್‌ನೇಮ್ಸ್ ಕೆಳಗೆ ಬರೆಯುವ ಪ್ರತಿ ಸಾಲೂ ಜಿಂಜಾ (ಆನ್ಸಿಬಲ್ ಬಳಸುವ ಟೆಂಪ್ಲೇಟ್ ಭಾಷೆ) ಎಕ್ಸ್‌ಪ್ರೆಶನ್. ಜೋಡಿ ಹೂಆವರಣ ನೀವು ಹಾಕಬಾರದು, ಪ್ಲಗಿನ್ ತಾನೇ ಹಾಕಿಕೊಳ್ಳುತ್ತದೆ. ಪ್ಲೇಬುಕ್ ಬರೆದು ಕೈ ಪಳಗಿದವರೇ ಇಲ್ಲಿ ಜಾಸ್ತಿ ಎಡವುವುದು. ಇನ್ನೊಂದು ಕೋಟ್ ವಿಷಯ. ಹೆಸರಿನ ಮುಂದೆ ‘ಎಂಎಲ್‌ಆರ್-’ ಅಂತ ಸೇರಿಸಬೇಕು ಅಂದುಕೊಳ್ಳಿ. ಸಾಲು ಡಬಲ್ ಕೋಟ್‌ನಿಂದಲೇ ಶುರುವಾಗಿ, ಕೋಟ್ ಮುಗಿದ ಮೇಲೆ ಪ್ಲಸ್ ಕಾನ್ಫಿಗ್.ನೇಮ್ ಅಂತ ಮುಂದುವರಿದರೆ ಯಾಮಲ್ (ಈ ಫೈಲಿನ ಫಾರ್ಮ್ಯಾಟ್) ಓದುವ ಪಾರ್ಸರ್ ಅಲ್ಲೇ ಕೈಚೆಲ್ಲುತ್ತದೆ. ಇಡೀ ಸಾಲಿಗೆ ಹೊರಗಿನಿಂದ ಸಿಂಗಲ್ ಕೋಟ್, ಒಳಗಿನ ಅಕ್ಷರಗಳಿಗೆ ಡಬಲ್ ಕೋಟ್. ಕಂಪೋಸ್‌ಗೂ ಇದೇ ನಿಯಮ. ಆನ್ಸಿಬಲ್_ಯೂಸರ್‌ಗೆ ಬರೀ ‘ಅಡ್ಮಿನ್’ ಅಂತ ಬರೆದರೆ ಅದು ಅಡ್ಮಿನ್ ಎಂಬ ವೇರಿಯೇಬಲನ್ನು ಹುಡುಕುತ್ತದೆ, ಸಿಗದೆ ಸುಮ್ಮನಾಗುತ್ತದೆ. ಕೋಟ್ ಒಳಗೆ ಕೋಟ್ ಬೇಕು.

‘ಕುಡ್ ನಾಟ್ ಟೆಂಪ್ಲೇಟ್ ಎನಿ ಹೋಸ್ಟ್‌ನೇಮ್ ಫಾರ್ ಹೋಸ್ಟ್’

ಈ ಎರರ್ ಬಂದರೆ ನೀವು ಕೊಟ್ಟ ಸಾಲುಗಳಲ್ಲಿ ಒಂದರಿಂದಲೂ ಹೆಸರು ಕಟ್ಟಲು ಆಗಲಿಲ್ಲ ಎಂದರ್ಥ. ಹೆಚ್ಚಿನ ಸಲ ಕಾರಣ ‘ಪ್ರಾಪರ್ಟೀಸ್’ ಎಂಬ ಪಟ್ಟಿ. ಇನ್ವೆಂಟರಿ ನಿಧಾನ ಆಯಿತು ಅಂತ ಯಾರೋ ಬೇಕಾದ ನಾಲ್ಕು ಪ್ರಾಪರ್ಟಿ ಮಾತ್ರ ಅಲ್ಲಿ ಬರೆದಿರುತ್ತಾರೆ. ಆ ಪಟ್ಟಿ ಡಿಫಾಲ್ಟ್ ಪಟ್ಟಿಗೆ ಸೇರುವುದಲ್ಲ, ಅದರ ಜಾಗದಲ್ಲೇ ಕೂರುತ್ತದೆ. ಅಲ್ಲಿ ಕಾನ್ಫಿಗ್.ನೇಮ್ ಇಲ್ಲದಿದ್ದರೆ ಹೆಸರಿಗೆ ಅದನ್ನು ಬಳಸಲು ಬರುವುದಿಲ್ಲ. ಹೋಸ್ಟ್‌ನೇಮ್ಸ್, ಕಂಪೋಸ್, ಫಿಲ್ಟರ್ಸ್, ಕೀಡ್_ಗ್ರೂಪ್ಸ್ ಇವುಗಳಲ್ಲಿ ಎಲ್ಲೇ ಒಂದು ಪ್ರಾಪರ್ಟಿ ಬಳಸಿದ್ದರೂ ಅದು ಪ್ರಾಪರ್ಟೀಸ್ ಪಟ್ಟಿಯಲ್ಲಿ ಇರಲೇಬೇಕು. ಪರೀಕ್ಷೆ ಸುಲಭ. ಆ ಪಟ್ಟಿಯನ್ನೇ ಕಾಮೆಂಟ್ ಮಾಡಿ ಮತ್ತೆ ಗ್ರಾಫ್ ನೋಡಿ. ಹೆಸರುಗಳು ಬಂದರೆ ಅಪರಾಧಿ ಸಿಕ್ಕಿದ ಹಾಗೆ.

  

ವಿಸೆಂಟರ್‌ನಲ್ಲಿ ಇರುವಷ್ಟು ವಿಎಂ ಇನ್ವೆಂಟರಿಯಲ್ಲಿ ಇಲ್ಲ

ಇದು ಸದ್ದಿಲ್ಲದ ದೋಷ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಬಾಲ ತೆಗೆದ ದಿನದಿಂದ ಒಂದೆರಡು ಯಂತ್ರಗಳಿಗೆ ಪ್ಯಾಚ್ ಹೋಗಿರುವುದಿಲ್ಲ, ಗೊತ್ತಾಗುವುದು ಎಷ್ಟೋ ತಡವಾಗಿ.

ವಿಸೆಂಟರ್‌ನಲ್ಲಿ ವಿಎಂ ಹೆಸರು ಇಡೀ ವಿಸೆಂಟರ್‌ಗೆ ಒಂದೇ ಆಗಿರಬೇಕಿಲ್ಲ, ಒಂದು ಫೋಲ್ಡರ್ ಒಳಗೆ ಮಾತ್ರ ಪುನರಾವರ್ತನೆ ಆಗಬಾರದು. ಹಾಗಾಗಿ ಮಂಗಳೂರು ಫೋಲ್ಡರ್‌ನಲ್ಲಿ ಒಂದು ‘ಬ್ಯಾಕಪ್’, ಉಡುಪಿ ಫೋಲ್ಡರ್‌ನಲ್ಲಿ ಇನ್ನೊಂದು ‘ಬ್ಯಾಕಪ್’ ಆರಾಮಾಗಿ ಇರುತ್ತವೆ. ಆನ್ಸಿಬಲ್ ಹಾಗಲ್ಲ. ಅದಕ್ಕೆ ಹೆಸರೇ ಗುರುತು. ಎರಡನೇ ‘ಬ್ಯಾಕಪ್’ ಬಂದರೆ ಅದು ಹೊಸ ಹೋಸ್ಟ್ ಅಲ್ಲ, ಇದ್ದದ್ದೇ ಹೋಸ್ಟ್. ಉಳಿಯುವುದು ಒಂದೇ. ಯಾವುದು ಉಳಿಯುತ್ತದೆ ಎಂಬುದರ ಮೇಲೆ ಲೆಕ್ಕಾಚಾರ ಹಾಕಬೇಡಿ.

ಪತ್ತೆ ಮಾಡಲು ದಾರಿ ಇದು. ಹೋಸ್ಟ್‌ನೇಮ್ಸ್ ಭಾಗವನ್ನು ಪೂರ್ತಿ ಕಾಮೆಂಟ್ ಮಾಡಿ, ಅಂದರೆ ಬಾಲವಿರುವ ಹೆಸರುಗಳು ಬರಲಿ. ಆ ಗ್ರಾಫನ್ನು ಒಂದು ಫೈಲ್‌ಗೆ ಹಾಕಿ. ನಿಮ್ಮ ಹೊಸ ಹೆಸರಿನ ಗ್ರಾಫನ್ನು ಇನ್ನೊಂದಕ್ಕೆ ಹಾಕಿ. ಮೊದಲನೆಯದರಲ್ಲಿ ಬಾಲ ಕತ್ತರಿಸಿ, ಸಾರ್ಟ್ ಮಾಡಿ, ಎರಡೆರಡು ಸಲ ಬರುವ ಹೆಸರು ಯಾವುದು ನೋಡಿ. ಒಂದೇ ಹೋಸ್ಟ್ ಬೇರೆ ಬೇರೆ ಗುಂಪಿನಲ್ಲಿ ಬರುವುದರಿಂದ ಮೊದಲು ಬಾಲ ಸಮೇತ ಯುನೀಕ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಎಲ್ಲವೂ ನಕಲಿನ ಹಾಗೆ ಕಾಣುತ್ತವೆ.

ಪರಿಹಾರ? ನನ್ನನ್ನು ಕೇಳಿದರೆ ವಿಸೆಂಟರ್‌ನಲ್ಲೇ ಹೆಸರು ಬದಲಿಸಿ. ಊರಲ್ಲಿ ಇಬ್ಬರು ಸುಧಾಕರ ಇದ್ದರೆ ಮನೆ ಹೆಸರು ಸೇರಿಸಿ ಕರೆಯುತ್ತೇವಲ್ಲ, ಹಾಗೆ. ‘ಬ್ಯಾಕಪ್-ಮಂಗಳೂರು’, ‘ಬ್ಯಾಕಪ್-ಉಡುಪಿ’. ರಾತ್ರಿ ಹೊತ್ತು ವಿಸೆಂಟರ್ ತೆರೆದು ನೋಡುವ ಮನುಷ್ಯನಿಗೂ ಅದೇ ಒಳ್ಳೆಯದು. ಬದಲಿಸುವ ಅಧಿಕಾರ ನಿಮ್ಮ ಕೈಯಲ್ಲಿ ಇಲ್ಲ ಅಂದರೆ ಯುಯುಐಡಿಯ ಒಂದು ತುಂಡು ಮಾತ್ರ ಸೇರಿಸಬಹುದು: ಕಾನ್ಫಿಗ್.ನೇಮ್, ಹೈಫನ್, ಕಾನ್ಫಿಗ್.ಯುಯುಐಡಿಯ ಕೊನೆಯ ಆರು ಅಕ್ಷರ. ಕೊನೆಯದು ಅಂದೆ, ಮೊದಲಿನದಲ್ಲ. ವಿಸೆಂಟರ್ ಹುಟ್ಟಿಸಿದ ಯುಯುಐಡಿಗಳು ಸಾಮಾನ್ಯವಾಗಿ 42 ಅಂತಲೇ ಶುರುವಾಗುತ್ತವೆ. ತಲೆ ಕಡೆಯಿಂದ ಕತ್ತರಿಸಿದರೆ ವ್ಯತ್ಯಾಸ ಕಡಿಮೆ ಸಿಗುತ್ತದೆ.

ಇಲ್ಲೇ ಒಂದು ಉಪಕಥೆ. ಡಿಸ್ಕ್ ಫೈಲುಗಳನ್ನು ಕೈಯಲ್ಲಿ ಕಾಪಿ ಮಾಡಿ ಇನ್ನೊಂದು ವಿಎಂ ಎಬ್ಬಿಸುವಾಗ ‘ಇದು ಕಾಪಿ ಮಾಡಿದ್ದಾ, ಜಾಗ ಬದಲಿಸಿದ್ದಾ’ ಅಂತ ವಿಎಂವೇರ್ ಕೇಳುತ್ತದೆ. ಜಾಗ ಬದಲಿಸಿದ್ದು ಅಂತ ಒತ್ತಿದರೆ ಹಳೆಯ ಯುಯುಐಡಿಯೇ ಉಳಿಯುತ್ತದೆ. ಆಗ ಬಾಲ ಇದ್ದರೂ ಎರಡು ವಿಎಂ ಒಂದೇ ಗುರುತಿನಲ್ಲಿ ಬರಬಹುದು. ಅಪರೂಪ. ಆದರೆ ಹಳೆಯ ಸೆಟಪ್ ವಹಿಸಿಕೊಂಡಿದ್ದರೆ ನೋಡಿಕೊಳ್ಳಿ.

ಹೆಸರು ತಾನಾಗಿ ಬದಲಾಗುತ್ತಿದೆ

ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಬೇರೆಲ್ಲ ದೋಷ ಒಂದು ಸಲ ತಿದ್ದಿದರೆ ಮುಗಿಯುತ್ತದೆ, ಇದು ಬಂದು ಹೋಗಿ ಮಾಡುತ್ತದೆ.

ನಾನು ನೋಡಿದ ಒಂದು ಕಡೆಯ ಫೈಲ್ ಹೀಗಿತ್ತು. ಹೋಸ್ಟ್‌ನೇಮ್ಸ್ ಕೆಳಗೆ ಮೊದಲ ಸಾಲು ಗೆಸ್ಟ್.ಹೋಸ್ಟ್‌ನೇಮ್, ಇಲ್ಲಿ ‘ಎನ್’ ದೊಡ್ಡಕ್ಷರ. ಎರಡನೇ ಸಾಲು ಕಾನ್ಫಿಗ್.ನೇಮ್. ಬರೆದವರ ಉದ್ದೇಶ ಅರ್ಥ ಆಗುತ್ತದೆ. ಯಂತ್ರದ ಒಳಗೆ ನಿಜವಾಗಿ ಇರುವ ಹೋಸ್ಟ್‌ನೇಮ್ ಸಿಕ್ಕಿದರೆ ಅದು, ಸಿಗದಿದ್ದರೆ ವಿಸೆಂಟರ್ ಹೆಸರು. ಪ್ಲಗಿನ್ ಕೂಡ ಹಾಗೇ ಮಾಡುತ್ತದೆ. ಸಾಲುಗಳನ್ನು ಮೇಲಿಂದ ಕೆಳಗೆ ನೋಡುತ್ತಾ ಹೋಗುತ್ತದೆ, ಖಾಲಿ ಬಂದದ್ದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ.

ತೊಂದರೆ ಏನು ಅಂದರೆ ಗೆಸ್ಟ್ ಅಂತ ಶುರುವಾಗುವ ಮಾಹಿತಿ ವಿಸೆಂಟರ್‌ನ ಸ್ವಂತದ್ದಲ್ಲ. ಯಂತ್ರದ ಒಳಗೆ ಓಡುವ ವಿಎಂವೇರ್ ಟೂಲ್ಸ್ ಅದನ್ನು ಕೊಡುವುದು. ಲಿನಕ್ಸ್‌ನಲ್ಲಿ ಓಪನ್-ವಿಎಂ-ಟೂಲ್ಸ್. ಟೂಲ್ಸ್ ಇನ್ನೂ ಎದ್ದಿಲ್ಲ, ನಿಂತುಹೋಗಿದೆ, ಇನ್‌ಸ್ಟಾಲೇ ಆಗಿಲ್ಲ ಅಂದರೆ ಆ ಪ್ರಾಪರ್ಟಿ ಇರುವುದಿಲ್ಲ. ಮೊದಲ ಮಳೆಯ ಗುಡುಗಿಗೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಸೋತು, ಎಲ್ಲ ಯಂತ್ರ ಮತ್ತೆ ಏಳುತ್ತಿರುವಾಗ ಇನ್ವೆಂಟರಿ ಓಡಿತು ಅಂದುಕೊಳ್ಳಿ. ಅರ್ಧ ವಿಎಂಗಳಿಗೆ ಒಳಗಿನ ಹೆಸರು, ಇನ್ನರ್ಧಕ್ಕೆ ವಿಸೆಂಟರ್ ಹೆಸರು. ಒಂದೊಂದು ಯಂತ್ರದ ವೇರಿಯೇಬಲ್‌ಗಳನ್ನು ಇಡುವ ಹೋಸ್ಟ್_ವಾರ್ಸ್ ಫೋಲ್ಡರ್‌ನಲ್ಲಿ ಫೈಲುಗಳು ಇರುವುದು ಒಂದೇ ಹೆಸರಿನಲ್ಲಿ. ಹೆಸರು ಬದಲಾದ ಯಂತ್ರಕ್ಕೆ ಅದರ ವೇರಿಯೇಬಲ್‌ಗಳು ಹತ್ತುವುದಿಲ್ಲ. ಪ್ಲೇಬುಕ್ ಗುಂಪಿನ ಡಿಫಾಲ್ಟ್ ಹಿಡಿದು ಓಡಿ, ಹಸಿರು ಬಣ್ಣದಲ್ಲಿ ಓಕೆ ಅಂತ ಹೇಳಿ ಮುಗಿಸುತ್ತದೆ. ಆ ಕಡೆ ಕುಂದಾಪುರ ಶಾಖೆಯ ಬಿಲ್ಲಿಂಗ್ ಯಂತ್ರಕ್ಕೆ ಡಿಫಾಲ್ಟ್ ಪೋರ್ಟ್ ಬಿದ್ದು ಕೌಂಟರ್‌ನಲ್ಲಿ ಬಿಲ್ ಬರುತ್ತಿರಲಿಲ್ಲ. ಎಲ್ಲರೂ ನೆಟ್‌ವರ್ಕ್ ಹುಡುಕುತ್ತಿದ್ದರು.

ಖಚಿತ ಮಾಡಿಕೊಳ್ಳುವುದು ಹೇಗೆ? ಅನುಮಾನ ಇರುವ ವಿಎಂಗೆ --ಹೋಸ್ಟ್ ಹಾಕಿ ಗೆಸ್ಟ್ ಭಾಗ ನೋಡಿ. ಆಮೇಲೆ ಯಂತ್ರದೊಳಗೆ ಹೋಗಿ ಟೂಲ್ಸ್ ಸರ್ವಿಸ್ ನಿಲ್ಲಿಸಿ. ರೆಡ್‌ಹ್ಯಾಟ್ ಕಡೆಯಲ್ಲಿ ಅದರ ಹೆಸರು ವಿಎಂಟೂಲ್ಸ್‌ಡಿ, ಡೆಬಿಯನ್-ಉಬುಂಟು ಕಡೆಯಲ್ಲಿ ಓಪನ್-ವಿಎಂ-ಟೂಲ್ಸ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗ್ರಾಫ್ ತೆಗೆಯಿರಿ. ಹೆಸರು ಬದಲಾದರೆ ರೋಗ ಇದೇ. ಪರೀಕ್ಷೆಯನ್ನು ಟೆಸ್ಟ್ ಯಂತ್ರದಲ್ಲೇ ಮಾಡಿ ಮಾರಾಯ್ರೆ, ಬಿಲ್ಲಿಂಗ್ ಯಂತ್ರದಲ್ಲಿ ಬೇಡ.

ಟೂಲ್ಸ್ ಚೆನ್ನಾಗಿ ಓಡುತ್ತಿದ್ದರೂ ಒಳಗಿನ ಹೆಸರು ನಂಬಿಕೆಗೆ ಅರ್ಹ ಅಲ್ಲ. ಟೆಂಪ್ಲೇಟ್‌ನಿಂದ ಕ್ಲೋನ್ ಮಾಡಿ ಹೋಸ್ಟ್‌ನೇಮ್ ಬದಲಿಸಲು ಮರೆತ ಯಂತ್ರಗಳೆಲ್ಲ ‘ಉಬುಂಟು’ ಅಥವಾ ‘ಲೋಕಲ್‌ಹೋಸ್ಟ್.ಲೋಕಲ್‌ಡೊಮೈನ್’ ಅಂತ ಬರುತ್ತವೆ, ಬಂದು ಒಂದೇ ಹೋಸ್ಟ್ ಆಗಿ ಬೆರೆಯುತ್ತವೆ. ಬರೀ ‘ಲೋಕಲ್‌ಹೋಸ್ಟ್’ ಅಂತ ಬಂದರೆ ಇನ್ನೂ ಅಪಾಯ. ಹೋಸ್ಟ್ಸ್: ಲೋಕಲ್‌ಹೋಸ್ಟ್ ಅಂತ ಬರೆದ ಪ್ಲೇ ನಿಮ್ಮ ಕಂಟ್ರೋಲ್ ಯಂತ್ರ ಬಿಟ್ಟು ಆ ವಿಎಂ ಮೇಲೆ ಹೋಗಿ ಕೂರುತ್ತದೆ.

ಹಾಗಾಗಿ ನನ್ನ ನಿಲುವು ಸ್ಪಷ್ಟ. ಹೆಸರಿಗೆ ಗೆಸ್ಟ್‌ನಿಂದ ಬರುವ ಯಾವುದನ್ನೂ ಬಳಸಬೇಡಿ. ಕಾನ್ಫಿಗ್.ನೇಮ್ ಒಂದೇ ಸಾಲು ಸಾಕು. ವಿಎಂ ಆಫ್ ಇರಲಿ, ಟೂಲ್ಸ್ ಸಾಯಲಿ, ಅದು ಬದಲಾಗುವುದಿಲ್ಲ. ಯಾರಾದರೂ ಕೂತು ಬದಲಿಸಿದರೆ ಮಾತ್ರ ಬದಲಾಗುತ್ತದೆ. ‘ಇರಲಿ ಬಿಡಿ’ ಅಂತ ಎರಡನೇ ಸಾಲು ಹಾಕುವ ಆಸೆ ಬಂದರೂ ಹಾಕಬೇಡಿ. ಎರಡು ಸಾಲು ಇದ್ದರೆ ಒಂದು ಯಂತ್ರಕ್ಕೆ ಎರಡು ಹೆಸರು ಬರಲು ನೀವೇ ಬಾಗಿಲು ತೆರೆದ ಹಾಗೆ.

ಹೆಸರು ಸರಿ, ಎಸ್‌ಎಸ್‌ಎಚ್ ಇಲ್ಲ

‘ಕುಡ್ ನಾಟ್ ರಿಸಾಲ್ವ್ ಹೋಸ್ಟ್‌ನೇಮ್’ ಅಂತ ಬರುತ್ತಿದ್ದರೆ ಆನ್ಸಿಬಲ್ ವಿಎಂ ಹೆಸರನ್ನೇ ವಿಳಾಸ ಅಂದುಕೊಂಡಿದೆ. ಡಿಎನ್‌ಎಸ್‌ನಲ್ಲಿ ಆ ಹೆಸರಿಲ್ಲ. ಮೇಲೆ ಕೊಟ್ಟ ಕಂಪೋಸ್ ಸಾಲು ಇರುವುದು ಇದಕ್ಕೇ. ಹೆಸರು ಬೇರೆ, ವಿಳಾಸ ಬೇರೆ. ವಿಳಾಸ ಬದಲಾಗುವಂಥದ್ದು, ಅದಕ್ಕೆ ಗೆಸ್ಟ್ ಮಾಹಿತಿ ಬಳಸಿದರೆ ತಪ್ಪಿಲ್ಲ. ಟೂಲ್ಸ್ ಇಲ್ಲದಿದ್ದರೆ ಆ ಹೊತ್ತಿಗೆ ಕನೆಕ್ಷನ್ ಆಗುವುದಿಲ್ಲ, ಅಷ್ಟೇ. ತಪ್ಪು ವೇರಿಯೇಬಲ್ ಹಿಡಿದು ಓಡುವುದಕ್ಕಿಂತ ಕೆಂಪಗೆ ಅನ್‌ರೀಚಬಲ್ ಅಂತ ಬರುವುದೇ ವಾಸಿ, ಅಲ್ವಾ?

ಒಂದು ಸಲ ವಿಳಾಸದ ಮೇಲೂ ಕಣ್ಣು ಹಾಯಿಸಿ. ಒಂದಕ್ಕಿಂತ ಹೆಚ್ಚು ಇಂಟರ್‌ಫೇಸ್ ಇರುವ ಯಂತ್ರದಲ್ಲಿ ಗೆಸ್ಟ್.ಐಪಿಅಡ್ರೆಸ್ ನಿಮಗೆ ಬೇಡದ್ದನ್ನು ತೋರಿಸಬಹುದು. ಡಾಕರ್ ಓಡುವ ವಿಎಂನಲ್ಲಿ 172.17.0.1 ಕಂಡರೆ ಅದು ಡಾಕರ್‌ನ ಒಳಗಿನ ಬ್ರಿಡ್ಜ್, ಹೊರಗಿನಿಂದ ಮುಟ್ಟಲು ಬರುವುದಿಲ್ಲ. ಅಂಥ ಕೆಲವೇ ಯಂತ್ರಗಳಿದ್ದರೆ ಡಿಎನ್‌ಎಸ್‌ನಲ್ಲಿ ಹೆಸರು ಸೇರಿಸಿ ಮುಗಿಸಿ. ಆನ್ಸಿಬಲ್_ಹೋಸ್ಟ್‌ಗೆ ಕಾನ್ಫಿಗ್.ನೇಮ್ ಜೊತೆ ಡೊಮೈನ್ ಜೋಡಿಸಿದರಾಯಿತು. ಗೆಸ್ಟ್.ನೆಟ್ ಪಟ್ಟಿ ತೆಗೆದು ಜಿಂಜಾದಲ್ಲಿ ಸೋಸುವ ದಾರಿಯೂ ಇದೆ, ಆದರೆ ಆರು ತಿಂಗಳ ನಂತರ ಅದನ್ನು ಓದುವವರ ಪಾಡು ನೋಡಬೇಕು.

ಸ್ಪೇಸ್, ಬ್ರಾಕೆಟ್, ಅಲ್ಪವಿರಾಮ

ವಿಸೆಂಟರ್ ಬಹುಪಾಲು ಯಾವ ಹೆಸರಿಗೂ ಬೇಡ ಅನ್ನುವುದಿಲ್ಲ. ‘ಟ್ಯಾಲಿ ಸರ್ವರ್, ಹೊಸದು’ ಅಂತ ಇಟ್ಟವರೂ ಇದ್ದಾರೆ. ಕೆಲವೇ ಹೋಸ್ಟ್ ಆರಿಸಲು --ಲಿಮಿಟ್ ಕೊಡುವಾಗ ಅಲ್ಪವಿರಾಮ ಬಂದಲ್ಲಿ ಆನ್ಸಿಬಲ್ ಅದನ್ನು ಎರಡು ಹೋಸ್ಟ್ ಅಂತ ಓದುತ್ತದೆ. ಕೋಲನ್‌ಗೂ ಹಾಗೇ. ಚೌಕ ಬ್ರಾಕೆಟ್‌ಗೆ ಪ್ಯಾಟರ್ನ್‌ನಲ್ಲಿ ಬೇರೆಯೇ ಅರ್ಥ ಇದೆ. ಕಾನ್ಫಿಗ್.ನೇಮ್‌ಗೆ ಪೈಪ್ ಹಾಕಿ ಲೋವರ್, ಆಮೇಲೆ ರೆಜೆಕ್ಸ್_ರಿಪ್ಲೇಸ್‌ನಿಂದ ಅಕ್ಷರ, ಅಂಕಿ, ಹೈಫನ್ ಬಿಟ್ಟು ಉಳಿದದ್ದನ್ನೆಲ್ಲ ಹೈಫನ್ ಮಾಡಿ. ಆದರೆ ತೊಳೆದ ಮೇಲೆ ‘ಟ್ಯಾಲಿ ಸರ್ವರ್’ ಮತ್ತು ‘ಟ್ಯಾಲಿ-ಸರ್ವರ್’ ಎರಡೂ ಒಂದೇ ಆಗುತ್ತವೆ. ನಕಲು ಹುಡುಕುವ ಪರೀಕ್ಷೆಯನ್ನು ಆಮೇಲೆ ಮತ್ತೊಮ್ಮೆ ಮಾಡಿ.

ವಿಎಂಗೂ ಗುಂಪಿಗೂ ಒಂದೇ ಹೆಸರಿದ್ದರೆ ‘ಫೌಂಡ್ ಬೋತ್ ಗ್ರೂಪ್ ಆಂಡ್ ಹೋಸ್ಟ್ ವಿತ್ ಸೇಮ್ ನೇಮ್’ ಅಂತ ಎಚ್ಚರಿಕೆ ಬರುತ್ತದೆ. ಅದನ್ನು ದಾಟಿ ಹೋಗಬೇಡಿ. ಗುಂಪಿನ ಹೆಸರಿಗೆ ಒಂದು ಪ್ರಿಫಿಕ್ಸ್ ಕೊಡಿ.

ವಿಎಂವೇರ್ ಅಲ್ಲದವರಿಗೆ ಎರಡು ಮಾತು. ಅಜೂರ್‌ನ ಪ್ಲಗಿನ್ ಕೂಡ ಇದೇ ಕಾರಣಕ್ಕೆ ಹೆಸರಿನ ಹಿಂದೆ ಅಂಡರ್‌ಸ್ಕೋರ್ ಮತ್ತು ಚಿಕ್ಕ ಹ್ಯಾಶ್ ಅಂಟಿಸುತ್ತದೆ, ಪ್ಲೇನ್_ಹೋಸ್ಟ್_ನೇಮ್ಸ್ ಟ್ರೂ ಮಾಡಿದರೆ ಹೋಗುತ್ತದೆ. ಎಡಬ್ಲ್ಯುಎಸ್‌ನಲ್ಲಿ ಡಿಫಾಲ್ಟ್ ಡಿಎನ್‌ಎಸ್ ಹೆಸರು. ನೀವು ಇಟ್ಟ ಹೆಸರು ಬೇಕಾದರೆ ಹೋಸ್ಟ್‌ನೇಮ್ಸ್‌ನಲ್ಲಿ ಟ್ಯಾಗ್:ನೇಮ್ (ಇಲ್ಲಿ ‘ಎನ್’ ದೊಡ್ಡಕ್ಷರ) ಹಾಕಿ, ವಿಳಾಸವನ್ನು ಕಂಪೋಸ್‌ನಲ್ಲಿ ಕೊಡಿ. ಟ್ಯಾಗ್ ಯಾರು ಬೇಕಾದರೂ ನಕಲು ಮಾಡಬಹುದು, ಆದ್ದರಿಂದ ಒಂದೇ ಹೆಸರಿನ ತೊಂದರೆ ಅಲ್ಲಿ ಇನ್ನೂ ಜಾಸ್ತಿ.

ತಿದ್ದಿದರೂ ಹಳೆಯ ಹೆಸರೇ ಬರುತ್ತಿದೆ

ಫೈಲಲ್ಲಿ ಕ್ಯಾಶ್: ಟ್ರೂ ಇದೆಯಾ ನೋಡಿ. ಡಿಫಾಲ್ಟ್ ಅವಧಿ 3600 ಸೆಕೆಂಡ್, ಅಂದರೆ ಒಂದು ಗಂಟೆ ಹಳೆಯ ಪಟ್ಟಿಯೇ ನಡೆಯುತ್ತದೆ. ಕ್ಯಾಶ್_ಕನೆಕ್ಷನ್‌ನಲ್ಲಿ ಹೇಳಿದ ಫೋಲ್ಡರ್‌ಗೆ ಹೋಗಿ ಆ ಫೈಲ್ ಅಳಿಸಿ, ಅಥವಾ ಪ್ಲೇಬುಕ್ ಓಡಿಸುವಾಗ --ಫ್ಲಶ್-ಕ್ಯಾಶ್ ಹಾಕಿ. ಹೆಸರಿನ ಕೆಲಸ ಮುಗಿಯುವ ತನಕ ಕ್ಯಾಶ್ ಆಫ್ ಇಟ್ಟರೆ ತಲೆನೋವು ಕಡಿಮೆ.

ಎಡಬ್ಲ್ಯುಎಕ್ಸ್ (ಆನ್ಸಿಬಲ್ ಅನ್ನು ಬ್ರೌಸರ್‌ನಿಂದ ನಡೆಸುವ ಸಾಫ್ಟ್‌ವೇರ್) ಬಳಸುವವರಿಗೆ ಇನ್ನೊಂದು ಹೆಜ್ಜೆ ಇದೆ. ಹೆಸರು ಬದಲಾದರೆ ಅದಕ್ಕೆ ಅದು ಹೊಸ ಹೋಸ್ಟ್. ಇನ್ವೆಂಟರಿ ಸೋರ್ಸ್‌ನಲ್ಲಿ ಓವರ್‌ರೈಟ್ ಟಿಕ್ ಆಗಿರದಿದ್ದರೆ ಹಳೆಯ ಬಾಲದ ಹೆಸರುಗಳೂ ಪಕ್ಕದಲ್ಲೇ ಉಳಿದು, ಒಂದೇ ಯಂತ್ರದ ಮೇಲೆ ಕೆಲಸ ಎರಡೆರಡು ಸಲ ಓಡುತ್ತದೆ. ಟಿಕ್ ಮಾಡುವ ಮೊದಲು ಆ ಸೋರ್ಸ್‌ನ ಹೋಸ್ಟ್‌ಗಳಿಗೆ ಎಡಬ್ಲ್ಯುಎಕ್ಸ್ ಒಳಗೆ ಕೈಯಲ್ಲಿ ಬರೆದ ವೇರಿಯೇಬಲ್‌ಗಳಿದ್ದರೆ ಬೇರೆ ಕಡೆ ತೆಗೆದಿಟ್ಟುಕೊಳ್ಳಿ, ಮುಂದಿನ ಸಿಂಕ್‌ನಲ್ಲಿ ಅವು ಉಳಿಯುವುದಿಲ್ಲ. ಹೋಸ್ಟ್_ವಾರ್ಸ್ ಫೋಲ್ಡರ್‌ನ ಫೈಲುಗಳಿಗೂ ಅದೇ ಹೊತ್ತಿಗೆ ಹೊಸ ಹೆಸರು ಕೊಟ್ಟು, ಒಂದೇ ಕಮಿಟ್‌ನಲ್ಲಿ ಇನ್ವೆಂಟರಿ ಫೈಲ್ ಜೊತೆ ಹಾಕಿಬಿಡಿ. ಮೊದಲ ಓಟ --ಚೆಕ್ ಜೊತೆ, ಒಂದೇ ಯಂತ್ರಕ್ಕೆ --ಲಿಮಿಟ್ ಹಾಕಿ. ಶುಕ್ರವಾರ ಸಂಜೆ ಬೇಡ.